‘ಐ ಆಮ್ ಲವ್’ ನೋಡೋಕೆ ಕೂರೋ ಮುಂಚೆ ಊಟ ಮಾಡ್ಕೊಂಡಿರಿ

ಇಟಾಲಿಯನ್ ಸಿನಿಮಾ ಒಂದು ಹೇಳಿ, ಮದುವೆಯಾದೋಳು ಇನ್ನೊಬ್ಬನ ಮೇಲೆ ಮನಸ್ಸು ಮಾಡೋ ಥರದ್ದು, ಆದ್ರೆ ಸೀರಿಯಲ್ ಥರ ಅಳು ಕಿರುಚಾಟ ಇರ್ಬಾರ್ದು ಅಂತ ಯಾರಾದ್ರೂ ಕೇಳಿದ್ರೆ ನಾನು ಹಿಂದೆ ಮುಂದೆ ನೋಡ್ದೆ ‘ಐ ಆಮ್ ಲವ್’ ಅಂದ್ಬಿಡ್ತೀನಿ. ಇಟಾಲಿಯನ್‌ನಲ್ಲಿ ‘ಇಯೊ ಸೊನೊ ಲಾಮೋರೆ’, ಲುಕಾ ಗ್ವಾಡನ್ಯೀನೊ ಡೈರೆಕ್ಟ್ ಮಾಡಿದ್ದು, 2009ರಲ್ಲಿ ವೆನಿಸ್ ಫೆಸ್ಟಿವಲ್‌ನಲ್ಲಿ ಮೊದಲು ತೋರಿಸಿದ್ದು. ಹೇಳಿದ ಅರ್ಧ ಗಂಟೆಗೆ ಮೆಸೇಜ್ ಬರುತ್ತೆ, ‘ಏನ್ ಗುರು ಇದು, ಇಪ್ಪತ್ತು ನಿಮಿಷದಿಂದ ಬರೀ ಊಟಕ್ಕೆ ಟೇಬಲ್ ರೆಡಿ ಮಾಡ್ತಾನೇ ಇದಾರೆ, ಅಫೇರ್ ಎಲ್ಲಿ?’ ಅಂತ. ಈ ಮೆಸೇಜ್ ನಂಗೆ ಎಷ್ಟು ಸಲ ಬಂದಿದೆ ಅಂದ್ರೆ, ಇದನ್ನ ನೋಡೋದು ಹೇಗೆ ಅಂತ ಒಂದ್ಸಲ ಕೂತು ಬರೆದು ಇಟ್ಬಿಡೋಣ, ಮುಂದೆ ಕೇಳಿದವರಿಗೆಲ್ಲ ಇದನ್ನೇ ಕಳಿಸೋಣ ಅನ್ನಿಸ್ತು.

ಮೊದಲೇ ಹೇಳ್ಬಿಡ್ತೀನಿ, ಕಥೆ ಪೂರ್ತಿ ಬಾಯಿ ಬಿಡ್ತೀನಿ. ಕೊನೆ ಗೊತ್ತಾದ್ರೆ ಮಜಾ ಹೋಗುತ್ತೆ ಅನ್ನೋರು ಮೊದಲ ಮೂರ್ನಾಲ್ಕು ಪ್ಯಾರಾ ಓದಿ ಸಿನಿಮಾ ನೋಡ್ಕೊಂಡು ಬನ್ನಿ. ನನ್ನ ಕೇಳಿದ್ರೆ ಈ ಸಿನಿಮಾಗೆ ಕಥೆ ಗೊತ್ತಿದ್ರೇನೇ ಒಳ್ಳೇದು, ಯಾಕಂದ್ರೆ ಇದರಲ್ಲಿ ಏನಾಗುತ್ತೆ ಅನ್ನೋದು ಎರಡು ಸಾಲಿನ ಮಾತು. ಮಿಲಾನ್‌ನ ಒಂದು ದೊಡ್ಡ ಬಟ್ಟೆ ಮಿಲ್ ಮನೆತನ, ರೆಕ್ಕಿ ಅಂತ. ಆ ಮನೆ ಸೊಸೆ ಎಮ್ಮಾ, ರಷ್ಯಾದಿಂದ ಮದುವೆಯಾಗಿ ಬಂದವಳು, ಬೆಳೆದ ಮೂರು ಮಕ್ಕಳ ತಾಯಿ. ದೊಡ್ಡ ಮಗ ಎಡೊನ ಫ್ರೆಂಡ್ ಒಬ್ಬ ಅಡುಗೆಯವನು, ಆಂಟೋನಿಯೊ, ಅವನ ಮೇಲೆ ಇವಳಿಗೆ ಮನಸ್ಸಾಗುತ್ತೆ, ಮಗನಿಗೆ ಗೊತ್ತಾಗುತ್ತೆ, ಅನಾಹುತ ಆಗುತ್ತೆ. ಅಷ್ಟೇ.

ಹಾಗಾದ್ರೆ ಎರಡು ಗಂಟೆ ಏನು ನೋಡೋದು? ತಟ್ಟೆ ನೋಡಿ. ಮುಖಗಳನ್ನಲ್ಲ, ಸಬ್‌ಟೈಟಲನ್ನೂ ಅಲ್ಲ, ಯಾರ ಮುಂದೆ ಏನು ಬಡಿಸಿದ್ರು, ಯಾರು ಮಾಡಿದ್ದು, ಯಾರು ಬಡಿಸಿದ್ದು, ತಿಂದೋರು ಯಾರು, ಮುಟ್ಟದೇ ಎದ್ದೋರು ಯಾರು ಅಂತ ನೋಡಿ. ಈ ಸಿನಿಮಾದಲ್ಲಿ ಯಾರೂ ಬಾಯಿಬಿಟ್ಟು ಏನೂ ಹೇಳಲ್ಲ, ಗುಟ್ಟು ಹೊರಗೆ ಬೀಳೋದೂ ಫೋನ್ ಮೆಸೇಜಿಂದ ಅಲ್ಲ, ಪಕ್ಕದ ಮನೆಯವರು ನೋಡಿದ್ದರಿಂದಲೂ ಅಲ್ಲ, ಒಂದು ಬಟ್ಟಲು ಸಾರಿನಿಂದ.

ಇದನ್ನ ನಂಗೆ ಕಲಿಸಿದ್ದು ಯಾವ ಫಿಲ್ಮ್ ಕೋರ್ಸೂ ಅಲ್ಲ, ನಮ್ಮ ದೊಡ್ಡಮ್ಮ. ತೀರ್ಥಹಳ್ಳಿ ಕಡೆಯವರು, ಮೊಣಕಾಲು ನೋವು ಅಂತ ಡಾಕ್ಟರಿಗೆ ತೋರಿಸೋಕೆ ಬೆಂಗಳೂರಿಗೆ ಬಂದು ನಮ್ಮನೇಲಿ ಹದಿನೈದು ದಿನ ಇದ್ರು. ಒಂದು ಭಾನುವಾರ ಮಧ್ಯಾಹ್ನ ನಾನು ಮೂರನೇ ಸಲ ಈ ಸಿನಿಮಾ ಹಾಕ್ಕೊಂಡು ಕೂತಿದ್ದೆ, ಅವರು ಹುರುಳಿಕಾಯಿ ನಾರು ತೆಗೀತಾ ಪಕ್ಕದಲ್ಲಿ ಕೂತ್ರು. ಭಾಷೆ ಗೊತ್ತಿಲ್ಲ, ಇಂಗ್ಲಿಷ್ ಸಬ್‌ಟೈಟಲ್ ಓದೋ ಗೋಜಿಗೂ ಹೋಗಲಿಲ್ಲ. ಕೊನೆ ಹತ್ರ ದೊಡ್ಡ ಡಿನ್ನರ್ ಸೀನ್ ಬರುತ್ತಲ್ಲ, ಅಲ್ಲಿ ಎಲ್ಲರ ಮುಂದೆ ತಿಳಿ ಸಾರು ಬಂದ ತಕ್ಷಣ, ಇನ್ನೂ ಆ ಮಗ ಚಮಚ ಎತ್ತೋಕೂ ಮುಂಚೆ, ‘ಲೋ, ಆ ಸಾರು ಇವ್ಳು ಮಾಡ್ತಿದ್ದಿದ್ದಲ್ವೇನೋ, ಅಡುಗೆಯವನಿಗೆ ಯಾರೋ ಹೇಳ್ಕೊಟ್ರು?’ ಅಂದ್ರು. ನಾನು ಮೊದಲ ಸಲ ನೋಡಿದಾಗ ಆ ಮಗ ಟೇಬಲ್ ಬಿಟ್ಟು ಯಾಕೆ ಎದ್ದು ಹೋದ ಅಂತ ವಾಪಸ್ ರಿವೈಂಡ್ ಮಾಡಿ ನೋಡ್ಬೇಕಾಗಿತ್ತು. ಸಿನಿಮಾ ನೋಡೋ ನನ್ನ ಇಷ್ಟು ವರ್ಷದ ಅನುಭವ ಎಲ್ಲ ಆ ಹುರುಳಿಕಾಯಿ ಬುಟ್ಟಿ ಪಕ್ಕದಲ್ಲೇ ಹೋಯ್ತು. ಸೋ, ಮೊದಲ ಸಲಹೆ, ಅಡುಗೆ ಗೊತ್ತಿರೋರ ಜೊತೆ ನೋಡಿ.

ಎರಡನೇದು, ಅಡುಗೆ ಗೊತ್ತಿದ್ರೂ ಮನೆ ದೊಡ್ಡವರ ಜೊತೆ ನೋಡೋದಾದ್ರೆ ಸ್ವಲ್ಪ ಯೋಚ್ನೆ ಮಾಡಿ. ಮಧ್ಯದಲ್ಲಿ ಬೆಟ್ಟದ ಹುಲ್ಲಿನ ಮೇಲೆ ಒಂದು ಸೀನ್ ಇದೆ, ಸಣ್ಣದಲ್ಲ, ಮುಚ್ಚುಮರೆನೂ ಇಲ್ಲ, ಮಧ್ಯೆ ಮಧ್ಯೆ ಹೂವು, ಹುಳ ತೋರಿಸ್ತಾರೆ ನಿಜ, ಆದ್ರೆ ನಮ್ಮ ಹಳೇ ಸಿನಿಮಾ ಥರ ಎರಡು ಹೂವು ತೋರಿಸಿ ಕಟ್ ಮಾಡಲ್ಲ. ನಾನು ರಿಮೋಟ್ ಹುಡುಕ್ತಾ ಇದ್ದೆ, ದೊಡ್ಡಮ್ಮನೇ ‘ಹಾಲು ಉಕ್ತಾ ಇದ್ಯೇನೋ ನೋಡ್ತೀನಿ’ ಅಂತ ಎದ್ದು ಹೋದ್ರು, ಒಲೆ ಮೇಲೆ ಹಾಲೇ ಇಟ್ಟಿರಲಿಲ್ಲ. ಐದು ನಿಮಿಷ ಬಿಟ್ಟು ಬಂದು ‘ಆಯ್ತಾ?’ ಅಂತ ಕೇಳಿ ಮತ್ತೆ ನಾರು ತೆಗೆಯೋಕೆ ಕೂತ್ರು.

ಇನ್ನು ತಯಾರಿ. ಡಬ್ ಆಗಿರೋ ಕಾಪಿ ಸಿಕ್ರೆ ಮುಟ್ಟಬೇಡಿ, ಇಟಾಲಿಯನ್ ಆಡಿಯೋನೇ ಇರ್ಲಿ. ಎಮ್ಮಾ ಪಾತ್ರ ಮಾಡಿರೋದು ಟಿಲ್ಡಾ ಸ್ವಿಂಟನ್, ಬ್ರಿಟಿಷ್ ನಟಿ, ಇದಕ್ಕೋಸ್ಕರ ಇಟಾಲಿಯನ್ ಕಲಿತು ಅದನ್ನ ರಷ್ಯನ್ ಎಳೆತ ಸೇರಿಸಿ ಮಾತಾಡಿದಾರೆ, ಮಗ ಎಡೊ ಜೊತೆ ನಾಲ್ಕು ಮಾತು ರಷ್ಯನ್ನಲ್ಲೂ ಆಡ್ತಾರೆ. ನಮಗೆ ಇಟಾಲಿಯನ್ ಬರಲ್ಲ, ಎಳೆತ ಹೇಗೆ ಗೊತ್ತಾಗುತ್ತೆ ಅಂದ್ರೆ, ಗೊತ್ತಾಗುತ್ತೆ, ಉಳಿದವರೆಲ್ಲ ಪಟಪಟ ಅಂತಾರೆ, ಇವಳು ಮಾತ್ರ ಒಂದೊಂದು ಪದನೂ ನೋಡಿ ಕೆಳಗಿಡ್ತಾಳೆ. ನಮ್ಮ ಕಡೆ ಮರಾಠಿಯವರ ಮನೆಯಿಂದಲೋ ತೆಲುಗರ ಮನೆಯಿಂದಲೋ ಮದುವೆಯಾಗಿ ಬಂದ ಸೊಸೆ ಮೂವತ್ತು ವರ್ಷ ಕನ್ನಡ ಮಾತಾಡಿದ್ರೂ ಯಾರೋ ಒಬ್ಬ ನೆಂಟ ‘ನೀವು ಯಾವ ಕಡೆಯವರು’ ಅಂತ ಕೇಳೇ ಕೇಳ್ತಾನಲ್ಲ, ಎಮ್ಮಾ ಆ ಮನೇಲಿ ಇರೋದು ಹಾಗೆ. ಡಬ್ಬಿಂಗ್‌ನಲ್ಲಿ ಅದು ಪೂರ್ತಿ ಮಾಯ.

ಫೋನಲ್ಲಿ ನೋಡ್ಬೇಡಿ, ಟಿವಿ ಇದ್ರೆ ಟಿವಿ, ಹೆಡ್‌ಫೋನ್ ಇದ್ರೆ ಇನ್ನೂ ಒಳ್ಳೇದು, ಯಾಕಂದ್ರೆ ಮ್ಯೂಸಿಕ್. ಜಾನ್ ಆಡಮ್ಸ್ ಅಂತ ಅಮೆರಿಕದ ಕಂಪೋಸರ್, ‘ನಿಕ್ಸನ್ ಇನ್ ಚೈನಾ’ ಅನ್ನೋ ಆಪೆರಾ, ಅಂದ್ರೆ ಹಾಡಲ್ಲೇ ನಡೆಯೋ ನಾಟಕ, ಮಾಡಿದವರು. ಅವರು ಈ ಸಿನಿಮಾಗೆ ಅಂತ ಹೊಸದಾಗಿ ಬರೆದಿದ್ದಲ್ಲ, ಮೊದಲೇ ಇದ್ದ ಅವರ ಸಂಗೀತವನ್ನ ಡೈರೆಕ್ಟರ್ ತಂದು ಕೂರಿಸಿದಾರೆ. ಒಂದೇ ಸಣ್ಣ ತುಣುಕು ಮತ್ತೆ ಮತ್ತೆ ಬರ್ತಾ ಏರ್ತಾ ಹೋಗುತ್ತೆ, ಭಜನೆ ತಾರಕಕ್ಕೆ ಹೋದಾಗ ತಾಳ ಬಿಗಿಯಾಗುತ್ತಲ್ಲ ಹಾಗೆ. ಕೊನೆಯ ಭಾಗದಲ್ಲಿ ಮಾತೇ ಕಮ್ಮಿ, ವಾಲ್ಯೂಮ್ ಕಡಿಮೆ ಇಟ್ಕೊಂಡು ನೋಡಿದ್ರೆ ಏನೋ ಗಡಿಬಿಡಿ ಆಗಿ ಮುಗೀತು ಅನ್ಸುತ್ತೆ ಅಷ್ಟೇ.

ಮತ್ತೆ ಊಟ. ಹಸ್ಕೊಂಡು ಕೂತ್ರೆ ಕಷ್ಟ, ತಟ್ಟೆ ತಟ್ಟೆ ತೋರಿಸ್ತಾರೆ. ಹೊಟ್ಟೆ ಬಿರಿಯ ತಿಂದು ಕೂತ್ರೂ ಕಷ್ಟ, ಮೊದಲ ಅರ್ಧ ಗಂಟೇಲೇ ನಿದ್ದೆ. ಹಿತವಾಗಿ ಮೊಸರನ್ನ ಎರಡು ತುತ್ತು ಕಮ್ಮಿ ತಿಂದು ಕೂತ್ಕೊಳ್ಳಿ.

ಮೊದಲ ಅರ್ಧ ಗಂಟೆ: ಪಂಕ್ತಿ ನೋಡಿ

ಶುರುನಲ್ಲಿ ಮಿಲಾನ್ ಪೂರ್ತಿ ಹಿಮ. ರೆಕ್ಕಿ ಮನೇಲಿ ಯಜಮಾನನ ಹುಟ್ಟುಹಬ್ಬದ ಊಟಕ್ಕೆ ತಯಾರಿ. ಯಜಮಾನ ಅಂದ್ರೆ ಎಮ್ಮಾಳ ಮಾವ, ಅವರ ಹೆಸರೂ ಎಡೊಆರ್ಡೊ, ಮೊಮ್ಮಗನ ಹೆಸರೂ ಅದೇ, ಅಜ್ಜನ ಹೆಸರು ಮೊಮ್ಮಗನಿಗೆ ಇಡೋದು ಅಲ್ಲೂ ಇದೆ, ಕನ್ಫ್ಯೂಸ್ ಆಗ್ಬೇಡಿ. ಎಮ್ಮಾ ಇಲ್ಲಿ ಮಾಡೋ ಕೆಲಸ ಗಮನಿಸಿ, ಯಾರು ಎಲ್ಲಿ ಕೂರ್ಬೇಕು ಅಂತ ಲೆಕ್ಕ ಹಾಕ್ತಿರ್ತಾಳೆ. ನಮ್ಮಲ್ಲಿ ಮದುವೆ ಮನೇಲಿ ಮೊದಲನೇ ಪಂಕ್ತಿಗೆ ಯಾರು, ಬೀಗರ ಪಕ್ಕ ಯಾರು ಅಂತ ತಲೆ ಕೆಡಿಸ್ಕೊಳ್ಳೋ ಹೆಂಗಸು ಒಬ್ಬರು ಇದ್ದೇ ಇರ್ತಾರಲ್ಲ, ಎಲ್ಲರನ್ನೂ ಕೂರಿಸಿ ಕೊನೆಗೆ ತಾವು ಎಲ್ಲಿ ಕೂರ್ಬೇಕು ಅನ್ನೋದೇ ಮರೆತಿರೋರು, ಹಾಗೆ.

ಈ ಊಟದಲ್ಲಿ ಮೂರು ವಿಷಯ ಹಿಡ್ಕೊಳ್ಳಿ ಸಾಕು. ಒಂದು, ಮಾವ ಕಂಪನಿನ ಮಗ ತಾನ್‌ಕ್ರೆದಿಗೆ, ಅಂದ್ರೆ ಎಮ್ಮಾ ಗಂಡನಿಗೆ, ಬಿಟ್ಟುಕೊಡ್ತೀನಿ ಅಂತ ಹೇಳಿ, ಜೊತೆಗೆ ಮೊಮ್ಮಗ ಎಡೊನ ಹೆಸರೂ ಸೇರಿಸ್ತಾನೆ, ಅಪ್ಪ ಮಗನ ನಡುವೆ ಅಲ್ಲೇ ಒಂದು ಗೆರೆ ಬೀಳುತ್ತೆ. ಎರಡು, ಮೊಮ್ಮಗಳು ಎಲಿಜಬೆಟ್ಟಾ ಪ್ರತಿ ಸಲ ಅಜ್ಜನಿಗೆ ಚಿತ್ರ ಬರೆದು ಕೊಡ್ತಿದ್ದೋಳು ಈ ಸಲ ಫೋಟೋ ಕೊಡ್ತಾಳೆ, ಅಜ್ಜನ ಮುಖ ಸಣ್ಣಗಾಗುತ್ತೆ. ಸಣ್ಣ ವಿಷಯ ಅನ್ಸುತ್ತೆ, ಆದ್ರೆ ಆ ಹುಡುಗಿ ಮನೆಯ ಪದ್ಧತಿ ಬಿಟ್ಟು ತನ್ನ ದಾರಿ ಹಿಡಿದ್ಲು ಅನ್ನೋದು ಅಲ್ಲೇ ಗೊತ್ತಾಗುತ್ತೆ. ಮೂರು, ಊಟ ಮುಗಿದ ಮೇಲೆ ಬಾಗಿಲಿಗೆ ಒಬ್ಬ ಬರ್ತಾನೆ, ಅವತ್ತು ರೇಸ್‌ನಲ್ಲಿ ಎಡೊನ ಸೋಲಿಸಿದ ಆಂಟೋನಿಯೊ, ಬೇಜಾರಾಗ್ಬೇಡ ಅಂತ ಕೇಕ್ ತಂದಿರ್ತಾನೆ. ಆ ಮನೆಗೆ ಅವನು ಮೊದಲ ಸಲ ಬರೋದೇ ಕೈಯಲ್ಲಿ ತಿನ್ನೋದು ಹಿಡ್ಕೊಂಡು.

ಇನ್ನೊಂದು, ಬಡಿಸೋರನ್ನ ನೋಡಿ. ಇಡಾ ಅಂತ ಮನೆ ಕೆಲಸದವಳು ಇದಾಳೆ, ಇಡೀ ಸಿನಿಮಾದಲ್ಲಿ ಎಮ್ಮಾಳನ್ನ ನಿಜವಾಗಿ ನೋಡೋದು ಅವಳೊಬ್ಬಳೇ ಅಂತ ನನ್ನ ಅನಿಸಿಕೆ. ಕೊನೆವರೆಗೂ ಅವಳ ಮೇಲೆ ಒಂದು ಕಣ್ಣಿರ್ಲಿ.

ಮನೆ ಬಗ್ಗೆ ಒಂದೆರಡು ಮಾತು, ಯಾಕಂದ್ರೆ ಮನೆನೂ ಒಂದು ಪಾತ್ರನೇ. ಅದು ಸೆಟ್ ಅಲ್ಲ, ಮಿಲಾನ್‌ನಲ್ಲಿರೋ ವಿಲ್ಲಾ ನೆಕ್ಕಿ ಕಾಂಪೀಲ್ಯೊ, 1930ರ ದಶಕದಲ್ಲಿ ಪಿಯೆರೊ ಪೋರ್ತಾಲುಪ್ಪಿ ಅನ್ನೋ ಆರ್ಕಿಟೆಕ್ಟ್ ಕಟ್ಟಿದ್ದು. ನೆಕ್ಕಿ ಅಂದ್ರೆ ಹೊಲಿಗೆ ಮೆಷಿನ್ ಮಾಡ್ತಿದ್ದ ಕುಟುಂಬ. ಈಗ ಅದು ಒಂದು ಟ್ರಸ್ಟ್ ಕೈಲಿದೆ, 2008ರಿಂದ ಟಿಕೆಟ್ ತಗೊಂಡು ಒಳಗೆ ಹೋಗಿ ನೋಡಬಹುದು. ತೋಟದಲ್ಲಿ ಈಜುಕೊಳ ಇದೆ, ಆ ಕಾಲದ ಮಿಲಾನ್‌ನಲ್ಲಿ ಮನೇಲಿ ಈಜುಕೊಳ ಅಂದ್ರೆ ಅಪರೂಪ. ಶುರುನಲ್ಲಿ ಆ ಕೊಳನ ಸುಮ್ನೆ ಶೋಕಿ ಅಂದ್ಕೊಂಡು ಬಿಡ್ತೀರಾ, ಬಿಡ್ಬೇಡಿ, ಎಲ್ಲಿದೆ ಅಂತ ಗುರುತು ಇಟ್ಕೊಳ್ಳಿ.

ಸಿಗಡಿ ಬರೋವರೆಗೂ ಎದ್ದು ಹೋಗ್ಬೇಡಿ

ಮಾವ ತೀರ್ಕೋತಾನೆ, ತಿಂಗಳುಗಳು ಉರುಳುತ್ವೆ, ಇಲ್ಲೂ ಸ್ವಲ್ಪ ನಿಧಾನ. ಮಧ್ಯದಲ್ಲಿ ಎಲಿಜಬೆಟ್ಟಾ ಎಡೊಗೆ ಬರೆದ ಒಂದು ಚೀಟಿ ಎಮ್ಮಾ ಕೈಗೆ ಸಿಗುತ್ತೆ, ತಾನು ಒಂದು ಹುಡುಗಿನ ಪ್ರೀತಿಸ್ತಿದೀನಿ ಅಂತ ಅದರಲ್ಲಿ ಇರುತ್ತೆ. ಎಮ್ಮಾ ಅದನ್ನ ಓದೋದು ಮಿಲಾನ್‌ನ ದೊಡ್ಡ ಚರ್ಚ್ ದುವೋಮೋದ ಛಾವಣಿ ಮೇಲೆ, ಸುತ್ತ ಕಲ್ಲಿನ ಗೋಪುರಗಳ ಮಧ್ಯೆ. ಬೈಯಲ್ಲ, ಅಳಲ್ಲ, ಯಾರಿಗೂ ಹೇಳೋದೂ ಇಲ್ಲ. ತುಂಬಾ ಜನ ಇದನ್ನ ಸೈಡ್ ಕಥೆ ಅಂದ್ಕೊಂಡು ಮರೀತಾರೆ. ನನಗೆ ಇದೇ ಸಿನಿಮಾದ ಮೊದಲ ಬಾಗಿಲು ಅನ್ಸುತ್ತೆ, ಮಗಳು ತೆಗೆದ ಬಾಗಿಲಲ್ಲಿ ತಾಯಿ ಹೊರಗೆ ಹೋಗ್ತಾಳೆ. ಎಲಿಜಬೆಟ್ಟಾ ಪಾತ್ರ ಮಾಡಿರೋದು ಆಲ್ಬಾ ರೋರ್ವಾಕರ್, ಹೆಸರು ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಆಮೇಲೆ ಅತ್ತೆ ರೋರಿ, ಎಡೊ ಮದುವೆಯಾಗೋ ಹುಡುಗಿ ಏವಾ, ಎಮ್ಮಾ, ಮೂರು ಜನ ಆಂಟೋನಿಯೊ ಅಡುಗೆ ಮಾಡೋ ರೆಸ್ಟೋರೆಂಟಿಗೆ ಮಧ್ಯಾಹ್ನದ ಊಟಕ್ಕೆ ಹೋಗ್ತಾರೆ. ಎಮ್ಮಾ ತಟ್ಟೇಲಿ ಸಿಗಡಿ. ಒಂದು ತುಂಡು ಬಾಯಿಗೆ ಇಡ್ತಾಳೆ, ಸುತ್ತ ಬೆಳಕು ಕಮ್ಮಿಯಾಗ್ತಾ ಹೋಗುತ್ತೆ, ಅತ್ತೆ ಮಾತು ದೂರ ಆಗುತ್ತೆ, ಅವಳು ಮತ್ತೆ ಆ ತಟ್ಟೆ ಎರಡೇ ಬೆಳಕಲ್ಲಿ ಉಳಿಯುತ್ವೆ. ನಮ್ಮ ನಾಟಕದಲ್ಲಿ ನಾಯಕಿ ಒಬ್ಬಳ ಮೇಲೆ ಲೈಟ್ ಬಿಟ್ಟು ಉಳಿದೋರನ್ನ ಕತ್ತಲಲ್ಲಿ ಇಡ್ತಾರಲ್ಲ, ಥೇಟ್ ಅದೇ. ಅಫೇರ್ ಎಲ್ಲಿ ಅಂತ ಕೇಳ್ತಿದ್ರಲ್ಲ, ಇದೇ. ಇಬ್ಬರೂ ಇನ್ನೂ ಸರಿಯಾಗಿ ಹತ್ತು ಮಾತು ಆಡಿಲ್ಲ, ಆದ್ರೆ ವಿಷಯ ಇಲ್ಲೇ ಮುಗೀತು.

ಇದನ್ನ ನೋಡಿ ನಗೋರು ಇದಾರೆ, ಸಿಗಡಿ ತಿಂದು ಯಾರಾದ್ರೂ ಪ್ರೀತಿಗೆ ಬೀಳ್ತಾರಾ ಅಂತ. ನಾನೂ ಮೊದಲ ಸಲ ನಕ್ಕಿದ್ದೆ. ಸ್ವಲ್ಪ ಯೋಚ್ನೆ ಮಾಡಿ, ಇಷ್ಟು ವರ್ಷ ಆ ಮನೇಲಿ ಸಾವಿರಾರು ಊಟ ಏರ್ಪಾಡು ಮಾಡಿದವಳು ಅವಳು, ಅವಳಿಗೆ ಅಂತ ಒಬ್ಬರು ಮಾಡಿ ಮುಂದಿಟ್ಟಿದ್ದು ಯಾವಾಗ? ಮದುವೆಯಾಗಿ ಹೋದ ಹೆಣ್ಣುಮಕ್ಕಳು ತವರಿಗೆ ಬಂದಾಗ ಮೊದಲು ಹೇಳೋ ಮಾತು ‘ಬೇರೆಯವರು ಮಾಡಿ ಬಡಿಸಿದ್ರೆ ಎಷ್ಟು ರುಚಿ’ ಅಂತ. ಅಷ್ಟು ಗೊತ್ತಿದ್ರೆ ಈ ಸೀನ್ ನಗು ತರಲ್ಲ.

ಹೆಸರು, ಕೂದಲು, ಸಾರು

ಎಡೊ ಮತ್ತೆ ಆಂಟೋನಿಯೊ ಸೇರಿ ಸಾನ್‌ರೆಮೊ ಹತ್ರ ಬೆಟ್ಟದ ಮೇಲೆ ರೆಸ್ಟೋರೆಂಟ್ ಮಾಡೋ ಪ್ಲಾನ್‌ನಲ್ಲಿರ್ತಾರೆ. ಸಾನ್‌ರೆಮೊ ಸಮುದ್ರದ ದಡದ ಊರು, ಫ್ರಾನ್ಸ್ ಗಡಿ ಕಡೆ. ಅಲ್ಲಿ ಈರುಳ್ಳಿ ಆಕಾರದ ಗುಮ್ಮಟಗಳಿರೋ ರಷ್ಯನ್ ಚರ್ಚ್ ಒಂದಿದೆ, ಹತ್ತೊಂಬತ್ತನೇ ಶತಮಾನದಲ್ಲಿ ಚಳಿ ತಪ್ಪಿಸ್ಕೊಳ್ಳೋಕೆ ಅಂತ ಬರ್ತಿದ್ದ ರಷ್ಯನ್ ಶ್ರೀಮಂತರಿಂದ ಅಲ್ಲಿ ರಷ್ಯನ್ನರ ನಂಟು ಬೆಳೀತು, ಅದರ ಗುರುತು. ಎಮ್ಮಾ ಆ ಊರಲ್ಲಿ ಆಂಟೋನಿಯೊನ ಕಂಡು ಹಿಂದೆ ಹಿಂದೆ ಹೋಗ್ತಾಳೆ. ಆ ಚರ್ಚ್ ಕಂಡಾಗ ಪಾಸ್ ಮಾಡಿ, ಇಟಲಿಯ ಮಧ್ಯೆ ಅವಳ ತವರಿನ ತುಂಡು ಅದು.

ಇಲ್ಲಿಂದ ಬೆಟ್ಟದ ಮನೆ ಸೀನುಗಳು. ಬಿಸಿಲು, ಹುಲ್ಲು, ದೊಡ್ಡಮ್ಮ ಎದ್ದು ಹೋದ ಸೀನ್, ಅದೆಲ್ಲ ಇಲ್ಲೇ. ಅದಕ್ಕಿಂತ ಮುಖ್ಯ ಆದದ್ದು ಮಾತುಕತೆ. ಎಮ್ಮಾ ಅನ್ನೋದು ಅವಳ ಹೆಸರೇ ಅಲ್ಲ, ಗಂಡ ತಾನ್‌ಕ್ರೆದಿ ಇಟ್ಟಿದ್ದು, ತನ್ನ ರಷ್ಯನ್ ಹೆಸರು ಏನು ಅನ್ನೋದು ಅವಳಿಗೇ ನೆನಪಿಲ್ಲ, ಮನೇಲಿ ಕರೀತಿದ್ದ ‘ಕೀತೆಶ್’ ಅನ್ನೋ ಮುದ್ದಿನ ಹೆಸರು ಮಾತ್ರ ಉಳಿದಿದೆ. ಮದುವೇಲಿ ಅಕ್ಕಿ ಮೇಲೆ ಹೊಸ ಹೆಸರು ಬರೆಸಿ ಸೊಸೆನ ಮನೆ ತುಂಬಿಸ್ಕೊಳ್ಳೋದು ನಮ್ಮಲ್ಲೂ ಕೆಲವು ಕಡೆ ಇತ್ತಲ್ಲ, ನನ್ನ ಅಜ್ಜಿಗೇ ಎರಡು ಹೆಸರಿತ್ತು, ರೇಷನ್ ಕಾರ್ಡಲ್ಲಿ ಒಂದು, ತವರಿನವರ ಬಾಯಲ್ಲಿ ಇನ್ನೊಂದು. ಹಾಗಾಗಿ ಈ ಮಾತು ನನಗೆ ಸುಮ್ನೆ ಹೋಗಲಿಲ್ಲ. ಅಫೇರ್ ಅಂತ ನಾವು ಕರೆಯೋದರ ಕೆಳಗೆ ಈ ಸಿನಿಮಾದಲ್ಲಿ ಇರೋದು ಇದು, ಹೆಸರು ಕಳ್ಕೊಂಡೋಳು ತನ್ನ ಹೆಸರು ಕೇಳಿದವನ ಹತ್ರ ಹೋಗ್ತಾಳೆ.

ಅಲ್ಲೇ ಆಂಟೋನಿಯೊ ಅವಳ ಕೂದಲು ಕತ್ತರಿಸ್ತಾನೆ. ಅಲ್ಲೇ ಅವಳು ಅವನಿಗೆ ಉಖಾ ಹೇಳ್ಕೊಡ್ತಾಳೆ. ಉಖಾ ಅಂದ್ರೆ ರಷ್ಯಾದ ಮೀನಿನ ಸಾರು, ನಮ್ಮ ಮೀನು ಸಾರಿಗೂ ಅದಕ್ಕೂ ಸಂಬಂಧ ಇಲ್ಲ, ಹುಣಸೆ ಇಲ್ಲ, ಕಾಯಿ ಇಲ್ಲ, ಮೆಣಸಿನಕಾಯಿ ಇಲ್ಲ, ಮೀನು, ಈರುಳ್ಳಿ, ಪಲಾವ್ ಎಲೆ, ಕಾಳುಮೆಣಸು, ಮೇಲೆ ಸಬ್ಬಸಿಗೆ ಸೊಪ್ಪು, ಅಷ್ಟರಲ್ಲೇ ಮುಗೀತು. ತಿಳಿಯಾಗಿರ್ಬೇಕು, ಕದಡಿದ್ರೆ ಕೆಟ್ಟ ಹಾಗೆ. ‘ಜ್ವರ ಬಂದೋರಿಗೆ ಕೊಡೋ ಹಾಗಿದೆ’ ಅಂದ್ರು ದೊಡ್ಡಮ್ಮ. ಎಡೊಗೆ ಚಿಕ್ಕಂದಿನಿಂದ ಇದು ಅಂದ್ರೆ ಪ್ರಾಣ, ಅಮ್ಮ ಮಾಡೋದು, ಅಮ್ಮ ಮತ್ತು ಅವನ ನಡುವಿನದ್ದು. ಅದನ್ನೇ ಅವಳು ಆಂಟೋನಿಯೊಗೆ ಕೊಟ್ಟುಬಿಡ್ತಾಳೆ. ಗಂಡನಿಗೆ ಮೋಸ ಅನ್ನೋದು ಒಂದು ಕಡೆ ಇರ್ಲಿ, ಮಗನಿಗೆ ಆದ ಮೋಸ ಇಲ್ಲಿದೆ, ಸಿನಿಮಾ ಇದನ್ನ ಒಂದು ಮಾತಲ್ಲೂ ಹೇಳಲ್ಲ, ಪಾತ್ರೆ ತೋರಿಸುತ್ತೆ.

ಆಮೇಲೆ ಎಡೊ ಆ ಬೆಟ್ಟಕ್ಕೆ ಹೋದಾಗ ಕತ್ತರಿಸಿದ ಹೊಂಬಣ್ಣದ ಕೂದಲು ಕಣ್ಣಿಗೆ ಬೀಳುತ್ತೆ. ಇತ್ತ ಅಮ್ಮನ ಕೂದಲು ಗಿಡ್ಡ ಆಗಿದೆ. ಅನುಮಾನ ಬರುತ್ತೆ, ಆದ್ರೆ ಕೂದಲಿಗೆ ನೂರು ಕಾರಣ ಹೇಳಬಹುದು, ಮನಸ್ಸು ಹೇಳುತ್ತೆ ಕೂಡ.

ಇದರ ಜೊತೆಗೇ ಕಂಪನಿ ಮಾರೋ ಕಥೆ ನಡೀತಾ ಇರುತ್ತೆ. ಕೊಳ್ಳೋಕೆ ಬರೋನು ಕುಬೆಲ್ಕಿಯನ್ ಅಂತ ಭಾರತ ಮೂಲದ ಅಮೆರಿಕನ್, ಆ ಪಾತ್ರ ಮಾಡಿರೋದು ಅಮೃತಸರದಲ್ಲಿ ಹುಟ್ಟಿದ ವಾರಿಸ್ ಅಹ್ಲುವಾಲಿಯಾ, ಪೇಟ ಸುತ್ಕೊಂಡು ಲಂಡನ್ ಮೀಟಿಂಗಲ್ಲಿ ಕೂತಾಗ ನಮ್ಮೋರು ಯಾರೋ ಬಂದ್ರಲ್ಲ ಅನ್ಸುತ್ತೆ. ಈ ಬಿಸಿನೆಸ್ ಭಾಗ ನನಗೆ ಸಪ್ಪೆ. ಎಡೊಗೆ ಅಜ್ಜ ಕಟ್ಟಿದ್ದು ಮಾರೋದು ಇಷ್ಟ ಇಲ್ಲ, ಅಪ್ಪನಿಗೆ ಇಷ್ಟ, ಇಷ್ಟು ಗೊತ್ತಿದ್ರೆ ಸಾಕು.

ಆ ಡಿನ್ನರ್

ಇಲ್ಲಿಂದ ಫೋನ್ ಬೇರೆ ರೂಮಲ್ಲಿ ಇಟ್ಟು ಬನ್ನಿ. ಮಾರಾಟ ಪಕ್ಕಾ ಆಗಿದ್ದಕ್ಕೆ ವಿಲ್ಲಾದಲ್ಲಿ ಊಟ, ಅಡುಗೆಗೆ ಆಂಟೋನಿಯೊನೇ. ಮತ್ತೆ ಅದೇ ಟೇಬಲ್, ಆದ್ರೆ ಅಜ್ಜ ಇಲ್ಲ, ಹಿಮ ಇಲ್ಲ. ಬಡಿಸೋರು ಸಾಲಾಗಿ ಬಂದು ಬಟ್ಟಲು ಇಡ್ತಾರೆ, ಒಳಗೆ ತಿಳಿ ಸಾರು. ಎಡೊ ಬಟ್ಟಲು ನೋಡ್ತಾನೆ. ಅಮ್ಮನ್ನ ನೋಡ್ತಾನೆ. ಕೂದಲಿಗೆ ಕಾರಣ ಹೇಳಬಹುದು, ಸಾರಿಗೆ ಏನಂತ ಹೇಳ್ತೀರಾ? ಕೈರುಚಿ ಸುಳ್ಳು ಹೇಳಲ್ಲ. ಸೀನ್ ಪೂರ್ತಿ ಯಾರೂ ದನಿ ಎತ್ತಲ್ಲ, ಸುತ್ತ ಕೂತ ಅತಿಥಿಗಳಿಗೆ ಏನಾಯ್ತು ಅಂತಾನೇ ಗೊತ್ತಿಲ್ಲ. ಆಂಟೋನಿಯೊ ಅದನ್ನ ಯಾಕೆ ಮಾಡ್ದ, ಎಮ್ಮಾಗೆ ಖುಷಿಯಾಗ್ಲಿ ಅಂತಾನಾ, ಎಡೊಗೆ ಇಷ್ಟ ಅಂತಾನಾ, ನೋಡಿದ ಮೇಲೆ ಜೊತೇಲಿರೋರ ಹತ್ರ ಜಗಳ ಆಡಿ. ನನ್ನ ಪ್ರಕಾರ ಅವನು ಬರೀ ಅಡುಗೆಯವನ ಥರ ಯೋಚ್ನೆ ಮಾಡ್ದ, ಹೊಸದಾಗಿ ಕಲಿತ ಒಳ್ಳೆ ಅಡುಗೇನ ನಾಲ್ಕು ಜನರಿಗೆ ಬಡಿಸದೇ ಇರೋಕಾಗಲಿಲ್ಲ.

ಎಡೊ ಎದ್ದು ತೋಟಕ್ಕೆ ಹೋಗ್ತಾನೆ, ಎಮ್ಮಾ ಹಿಂದೆ ಓಡ್ತಾಳೆ, ಕೊಳದ ಅಂಚಲ್ಲಿ ಮಾತು, ಅವಳು ಕೈ ಚಾಚ್ತಾಳೆ, ಅವನು ಹಿಂದೆ ಸರೀತಾನೆ, ಜಾರಿ ತಲೆ ಕಲ್ಲಂಚಿಗೆ ಬಡಿದು ನೀರಿಗೆ ಬೀಳ್ತಾನೆ. ಗುರುತು ಇಟ್ಕೊಳ್ಳಿ ಅಂದಿದ್ದ ಕೊಳ ಇದೇ. ಬದುಕಲ್ಲ.

ಅಂತ್ಯಕ್ರಿಯೆ ಆದ ಮೇಲೆ ತಾನ್‌ಕ್ರೆದಿ ಒದ್ದೆಯಾದ ಹೆಂಡ್ತಿ ಮೇಲೆ ತನ್ನ ಕೋಟು ಹೊದಿಸ್ತಾನೆ, ಅವಳು ‘ನಾನು ಆಂಟೋನಿಯೊನ ಪ್ರೀತಿಸ್ತೀನಿ’ ಅಂತಾಳೆ, ಅವನು ಕೋಟು ವಾಪಸ್ ತಗೊಂಡು ‘ನೀನು ಇಲ್ಲವೇ ಇಲ್ಲ’ ಅಂತಾನೆ. ಹೆಸರು ಇಟ್ಟವನೇ ಹೆಸರು ಕಿತ್ಕೊಂಡ. ಆಮೇಲೆ ಅವಳು ಮನೆಗೆ ಓಡಿ ಬಂದು ಒಡವೆ ಬಟ್ಟೆ ಎಲ್ಲ ಕಳಚಿ ಸಾದಾ ಬಟ್ಟೆ ಹಾಕ್ಕೊಂಡು ಹೊರಡೋದು, ಮ್ಯೂಸಿಕ್ ಮೈಮೇಲೆ ಬರೋ ಹಾಗೆ ಏರೋದು, ಮಗಳು ಕಣ್ಣಲ್ಲಿ ನೀರು ತುಂಬ್ಕೊಂಡು ಅಮ್ಮನ್ನ ನೋಡೋದು, ಏವಾ ತನ್ನ ಹೊಟ್ಟೆ ಮೇಲೆ ಕೈ ಇಡೋದು, ಎಲ್ಲ ಸರಸರ ಆಗೋಗುತ್ತೆ. ಇದು ಅತಿ ಆಯ್ತು ಅನ್ನೋರಿದಾರೆ. ಆಪೆರಾ ಊರಿನ ಸಿನಿಮಾ ಸ್ವಾಮಿ, ಮಿಲಾನ್. ಟೈಟಲ್ಲೇ ಆಪೆರಾದ್ದು, ‘ಆಂದ್ರೆಯಾ ಶೆನಿಯೆ’ ಅಂತ 1896ರಲ್ಲಿ ಮಿಲಾನ್‌ನ ಲಾ ಸ್ಕಾಲಾ ಆಪೆರಾ ಥಿಯೇಟರಲ್ಲೇ ಮೊದಲು ಆಡಿದ್ದು, ಅದರ ಒಂದು ಹಾಡಲ್ಲಿ ‘ನಾನೇ ಪ್ರೇಮ’ ಅನ್ನೋ ಸಾಲು ಬರುತ್ತೆ. ಸಿನಿಮಾ ಮಧ್ಯದಲ್ಲಿ ಎಮ್ಮಾ ಮಲಗಿರುವಾಗ ಟಿವಿಯಲ್ಲಿ ‘ಫಿಲಡೆಲ್ಫಿಯಾ’ ಅನ್ನೋ ಸಿನಿಮಾದ ಒಂದು ತುಣುಕು ಬರುತ್ತಲ್ಲ, ಟಾಮ್ ಹ್ಯಾಂಕ್ಸ್ ಇರೋದು, ಅಲ್ಲಿ ಕೇಳಿಸೋದು ಅದೇ ಹಾಡು. ಯಕ್ಷಗಾನದಲ್ಲಿ ಬೆಳಗಿನ ಜಾವದ ಏರು ಪದ್ಯ ಕೇಳಿದವರಿಗೆ ಈ ಏರು ಅತಿ ಅನ್ಸಲ್ಲ.

ಹೆಸರುಗಳು ಓಡೋಕೆ ಶುರುವಾದ ತಕ್ಷಣ ಆಫ್ ಮಾಡ್ಬೇಡಿ. ಆಮೇಲೆ ಒಂದು ಗುಹೆ, ಅದರಲ್ಲಿ ಇಬ್ಬರು, ಪುಟ್ಟ ಸೀನ್ ಇದೆ.

ನೋಡಿದ ಮೇಲೆ ಬರೋ ಪ್ರಶ್ನೆ

‘ಅಷ್ಟು ಕಷ್ಟ ಇದ್ರೆ ಡಿವೋರ್ಸ್ ತಗೋಬೋದಿತ್ತಲ್ವಾ’ ಅಂತ ಒಬ್ಬರಾದ್ರೂ ಕೇಳ್ತಾರೆ. ತಗೋಬಹುದಿತ್ತು, ಎಮ್ಮಾ ಕಾಲಕ್ಕೆ. ಇಟಲಿಯಲ್ಲಿ ವಿಚ್ಛೇದನದ ಕಾನೂನು ಬಂದಿದ್ದೇ 1970ರ ಡಿಸೆಂಬರ್‌ನಲ್ಲಿ, ಅದನ್ನ ತೆಗೆದುಹಾಕ್ಬೇಕು ಅಂತ 1974ರಲ್ಲಿ ಜನಮತ ಕೇಳಿದ್ರು, ಸುಮಾರು ನೂರಕ್ಕೆ 59 ಜನ ಇರ್ಲಿ ಅಂದ್ರು. ಅದಕ್ಕೂ ಮುಂಚೆ ಹೆಂಡತಿಯ ವ್ಯಭಿಚಾರ ಅಪರಾಧ, ಒಂದು ವರ್ಷದವರೆಗೆ ಜೈಲು. ಗಂಡನಿಗೆ ಮಾತ್ರ ಇನ್ನೊಬ್ಬಳನ್ನ ಮನೇಲೇ ತಂದಿಟ್ಕೊಂಡ್ರೆ ಅಥವಾ ಊರಿಗೆಲ್ಲ ಗೊತ್ತಾಗೋ ಹಾಗೆ ಇಟ್ಕೊಂಡ್ರೆ ಅಷ್ಟೇ ಕೇಸು. ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ 1968, 1969ರಲ್ಲಿ ಇದನ್ನ ಕಿತ್ತುಹಾಕ್ತು. ಮರ್ಯಾದೆ ಹೆಸರಲ್ಲಿ ಹೆಂಡತಿನ ಕೊಂದವನಿಗೆ ಶಿಕ್ಷೆ ಕಡಿಮೆ ಮಾಡ್ತಿದ್ದ ಕಲಂ ಹೋಗಿದ್ದು 1981ರಲ್ಲಿ. ನಮ್ಮಲ್ಲಿ ವ್ಯಭಿಚಾರದ 497ನೇ ಕಲಂ ಸುಪ್ರೀಂ ಕೋರ್ಟ್ ರದ್ದು ಮಾಡಿದ್ದು 2018ರ ಸೆಪ್ಟೆಂಬರ್ 27ಕ್ಕೆ, ನಮ್ಮದು ಇನ್ನೊಂದು ಥರ ವಿಚಿತ್ರ, ಶಿಕ್ಷೆ ಆ ಇನ್ನೊಬ್ಬ ಗಂಡಸಿಗೆ, ಅದೂ ಗಂಡನ ಒಪ್ಪಿಗೆ ಇಲ್ಲದಿದ್ರೆ ಮಾತ್ರ, ಹೆಂಡತಿ ಏನೋ ಅವನ ಸೈಕಲ್ ಅನ್ನೋ ಹಾಗೆ. ಸೋ ಎಮ್ಮಾನ ಹಿಡಿದಿಟ್ಟಿದ್ದು ಕಾನೂನಲ್ಲ. ಹಿಡಿದಿಟ್ಟಿದ್ದೇನು ಅಂತ ಆ ಮೊದಲ ಪಂಕ್ತಿಲೇ ತೋರಿಸಿದಾರೆ.

ಇಷ್ಟ ಆದ್ರೆ ಮುಂದೆ ಎರಡು ನೋಡಿ, ಎರಡರಲ್ಲೂ ಅಡುಗೆ ವಾಸನೆ ಇದೆ. 1943ರ ‘ಒಸ್ಸೆಸ್ಸಿಯೋನೆ’, ಲುಕಿನೊ ವಿಸ್ಕೋಂತಿ ಅವರ ಮೊದಲ ಸಿನಿಮಾ, ಮುಸ್ಸೊಲಿನಿ ಕಾಲದ್ದು. ಪೋ ನದಿ ಬಯಲಲ್ಲಿ ರಸ್ತೆ ಬದಿಯ ಖಾನಾವಳಿ, ದಪ್ಪ ಗಂಡ, ಬೇಸತ್ತ ಹೆಂಡತಿ ಜೊವಾನ್ನಾ, ಲಾರಿಯಿಂದ ಇಳಿದು ಬರೋ ಅಲೆಮಾರಿ ಜೀನೊ. ಅವನ ಮುಖ ಮೊದಲು ತೋರಿಸೋದೇ ಅಡುಗೆಮನೆ ಬಾಗಿಲಲ್ಲಿ, ಅವಳು ನೋಡಿದಾಗ. ಗಂಡನ ಕೊಲೆ ಆದ ಮೇಲೆ ಒಂದು ರಾತ್ರಿ ಅವಳು ತೊಳೆಯದ ಪಾತ್ರೆಗಳ ರಾಶಿ ಮಧ್ಯೆ ಒಬ್ಬಳೇ ಬಡಿಸ್ಕೊಂಡು ಎರಡು ತುತ್ತು ತಿಂದು ಹಾಗೇ ತೂಕಡಿಸಿ ನಿದ್ದೆ ಹೋಗೋ ಸೀನ್ ಇದೆ, ಹೋಟೆಲ್ ನಡೆಸೋ ಮನೆಗಳಲ್ಲಿ ಇದನ್ನ ಕಣ್ಣಾರೆ ಕಂಡೋರು ಎಷ್ಟೋ ಜನ. ಎರಡನೇದು 2010ರ ‘ಕೋಸಾ ವೋಲ್ಯೊ ದಿ ಪ್ಯೂ’, ಸಿಲ್ವಿಯೊ ಸೊಲ್ದೀನಿ ಮಾಡಿದ್ದು, ಹೆಸರಿನ ಅರ್ಥ ‘ನಂಗೆ ಇನ್ನೇನು ಬೇಕು’ ಅಂತ. ನೆನಪಿಟ್ಕೊಳ್ಳಿ ಅಂದಿದ್ದ ಆಲ್ಬಾ ರೋರ್ವಾಕರ್ ಇಲ್ಲಿ ಆಫೀಸಲ್ಲಿ ಲೆಕ್ಕ ನೋಡೋ ಆನ್ನಾ, ಅವಳು ಪ್ರೀತಿಸೋದು ಕೇಟರಿಂಗ್‌ನಲ್ಲಿ ಕೆಲಸ ಮಾಡೋ, ಎರಡು ಮಕ್ಕಳಿರೋ ಡೊಮೆನಿಕೊನ. ಅದೇ ಮಿಲಾನ್ ಕಡೆಯದ್ದೇ, ಆದ್ರೆ ವಿಲ್ಲಾ ಇಲ್ಲ, ಗಂಟೆ ಲೆಕ್ಕದ ಮೋಟೆಲ್ ರೂಮಿಗೆ ದುಡ್ಡು ಹೊಂದಿಸೋದೇ ಕಷ್ಟ. ಶ್ರೀಮಂತರ ಸಿನಿಮಾ ಆದ್ಮೇಲೆ ಇದನ್ನ ನೋಡಿದ್ರೆ ಪ್ರೇಮಕ್ಕೆ ಬಾಡಿಗೆ ಎಷ್ಟು ಅಂತ ಲೆಕ್ಕ ಸಿಗುತ್ತೆ. ಒಂದೇ ದಿನ ಎರಡೂ ನೋಡ್ಬೇಡಿ.

ದೊಡ್ಡಮ್ಮ ಊರಿಗೆ ಹೋದ ಮೇಲೆ ಒಂದು ವಾರಕ್ಕೆ ಫೋನ್ ಮಾಡಿದ್ರು. ಮೊಣಕಾಲು, ಮಾತ್ರೆ, ಅಡಿಕೆ ರೇಟು ಎಲ್ಲ ಆದ ಮೇಲೆ, ‘ಅಲ್ಲ ಕಣೋ, ಆ ಕೆಲಸದವ್ಳು ಇದ್ಲಲ್ಲ, ಇವ್ಳು ಹೋಗ್ಬೇಕಾದ್ರೆ ಅಳ್ತಾ ಅಳ್ತಾ ಬಟ್ಟೆ ತುಂಬಿಕೊಟ್ಲಲ್ಲ, ಅವ್ಳನ್ನ ಕೆಲಸದಿಂದ ಬಿಡಿಸಿದ್ರೇನೋ?’ ಅಂತ ಕೇಳಿದ್ರು. ಸಿನಿಮಾದಲ್ಲಿ ಅದು ಇಲ್ಲ ದೊಡ್ಡಮ್ಮ ಅಂದೆ. ‘ಬಿಡಿಸಿರ್ತಾರೆ’ ಅಂದು ಫೋನ್ ಇಟ್ರು.